ಗೇಟಿನಲ್ಲಿ ಜ್ವರ ನೋಡಿದರೆ ಸಾಕಾ? ಕಾಲೇಜು ಮತ್ತು ಸಾಂಕ್ರಾಮಿಕ: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಪ್ರಕಟಿಸಿತು. ಅಂಥದ್ದೇ ಇನ್ನೊಂದು ಕಾಯಿಲೆ ಬಂದರೆ ಕಾಲೇಜನ್ನು ಹೇಗೆ ನಡೆಸಬೇಕು? ಶಿವಮೊಗ್ಗ ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಸಮುದಾಯ ಆರೋಗ್ಯ ವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ನಮ್ಮ ಕಾಲೇಜಿಗೆ ಥರ್ಮಲ್ ಗನ್, ಸ್ಯಾನಿಟೈಸರ್ ಸ್ಟ್ಯಾಂಡ್ ತಂದೆವು. ವಾರಕ್ಕೊಮ್ಮೆ ಇಡೀ ಕಟ್ಟಡಕ್ಕೆ ಔಷಧಿ ಸಿಂಪಡಿಸಿದೆವು. ಮುಂದೆಯೂ ಇಷ್ಟೇ ಸಾಕಾ? ಮೊದಲು ಯಾವುದಕ್ಕೆ ಹಣ ಇಡಬೇಕು? (ಪ್ರಾಂಶುಪಾಲರು, ಸಾಗರ)

ಸಾಕಾಗುವುದಿಲ್ಲ ಸರ್. ಇವುಗಳಲ್ಲಿ ಕೆಲವನ್ನು ಮತ್ತೆ ಕೊಳ್ಳುವುದೇ ಬೇಡ.

ಥರ್ಮಲ್ ಗನ್ ಆ ಹೊತ್ತಿಗೆ ಮೈ ಬಿಸಿ ಇದ್ದವರನ್ನು ಮಾತ್ರ ಹಿಡಿಯುತ್ತದೆ. ಕೋವಿಡ್ ವೈರಸ್ ಜ್ವರ, ಕೆಮ್ಮು ಕಾಣಿಸುವ ಒಂದೆರಡು ದಿನ ಮೊದಲೇ ಹರಡುತ್ತಿತ್ತು. ಎಷ್ಟೋ ಜನರಿಗೆ ಜ್ವರವೇ ಬರಲಿಲ್ಲ. ಜ್ವರ ಇದ್ದವರೂ ಬೆಳಿಗ್ಗೆ ಒಂದು ಪ್ಯಾರಸಿಟಮಾಲ್ ನುಂಗಿ ಬಂದರೆ ಗೇಟಿನಲ್ಲಿ ಸಲೀಸಾಗಿ ಪಾಸಾಗುತ್ತಾರೆ. ಔಷಧಿ ಸಿಂಪಡಿಸಿದ್ದರಿಂದಲೂ ಲಾಭ ಕಡಿಮೆ. ಜನರ ಮೈಮೇಲೆ ಸಿಂಪಡಿಸುವುದಂತೂ ಅಪಾಯ. ಕಣ್ಣು, ಚರ್ಮ ಉರಿಯುತ್ತದೆ, ವೈರಸ್ ಹರಡುವುದು ನಿಲ್ಲುವುದಿಲ್ಲ. ಹಾಗೆ ಮಾಡಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಕೈ ತೊಳೆಯುವ ನಲ್ಲಿ, ಸೋಪು ಮಾತ್ರ ಖಂಡಿತ ಇರಲಿ. ವಾಂತಿಭೇದಿ ತಡೆಯುವುದಕ್ಕೂ ಅದು ಬೇಕು.

1918ರ ಫ್ಲೂ, 2009ರ ಎಚ್1ಎನ್1, ಆಮೇಲೆ ಕೋವಿಡ್. ಮೂರೂ ಹರಡಿದ್ದು ಉಸಿರಿನ ಮೂಲಕ. ಹಾಗಾಗಿ ಮೊದಲ ಹಣ ಗಾಳಿಗೆ ಇಡಿ. ಕೋಣೆ ಕೋಣೆಗೆ ಹೋಗಿ ಕಿಟಕಿ ನೋಡಿ. ಮೊಳೆ ಹೊಡೆದು ಮುಚ್ಚಿದವು ಎಷ್ಟು? ಮುಂದೆ ಬೀರು ಇಟ್ಟು ಮರೆಯಾದವು ಎಷ್ಟು? ಹೆಂಚಿನ ಹಳೆಯ ಕಟ್ಟಡಗಳಲ್ಲಿ ಮಾಡು ಎತ್ತರ, ಸಂದಿಗಳಿಂದ ಗಾಳಿ ತಾನಾಗಿ ಆಡುತ್ತದೆ. ಹೊಸ ಆರ್‌ಸಿಸಿ ಕಟ್ಟಡಗಳಲ್ಲಿ ಸ್ಲೈಡಿಂಗ್ ಕಿಟಕಿ, ಅದು ತೆರೆಯುವುದೇ ಅರ್ಧ. ನನಗೆ ಕೇಳಿದರೆ ಹೊಸ ಬ್ಲಾಕ್‌ಗಳ ಬಗ್ಗೆಯೇ ಜಾಸ್ತಿ ಚಿಂತೆ.

ಹಣವೇ ಬೇಡದ ಇನ್ನೊಂದು ಕೆಲಸ ಇದೆ. ಅದು ಹಾಜರಿ ನಿಯಮ. ಅದರ ಬಗ್ಗೆ ಕೆಳಗೆ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ, ದಯವಿಟ್ಟು ಆ ಉತ್ತರವನ್ನೂ ಓದಿ.

ಪ್ರಶ್ನೆ: ಕಿಟಕಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಿಟಕಿ ತೆಗೆದರೆ ಮೊದಲ ಸಾಲಿನ ಮಕ್ಕಳ ಪುಸ್ತಕ ನೆನೆಯುತ್ತದೆ. ಏನು ಮಾಡುವುದು? (ಉಪನ್ಯಾಸಕಿ, ತೀರ್ಥಹಳ್ಳಿ)

ನಿಮ್ಮ ಕಷ್ಟ ನಿಜ. ಬೇರೆ ಊರಿಗೆ ಬರೆದ ಸೂಚನೆ ಆಗುಂಬೆಯ ಪಕ್ಕದಲ್ಲಿ ಹಾಗೇ ನಡೆಯುವುದಿಲ್ಲ. ಆದರೆ ಮಳೆಗಾಲವೇ ನಮಗೆ ಜಾಸ್ತಿ ಎಚ್ಚರ ಬೇಕಾದ ಕಾಲ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅರವತ್ತು ಜನ ಕೂತಿರುತ್ತಾರೆ. ಹಸಿ ಸೌದೆಯ ಹೊಗೆ ಅಡುಗೆಮನೆ ತುಂಬುವ ಹಾಗೆ ಅವರ ಉಸಿರು ಕೋಣೆ ತುಂಬುತ್ತದೆ. ಮೂರು ಅಡಿ ದೂರ ಕೂತರೂ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮಳೆ ಸಾಮಾನ್ಯವಾಗಿ ಒಂದೇ ದಿಕ್ಕಿನಿಂದ ಹೊಡೆಯುತ್ತದೆ, ಅಲ್ವಾ? ಇರಚಲು ಬರುವ ಬದಿಯ ಕಿಟಕಿ ಮುಚ್ಚಿ. ಎದುರು ಬದಿಯದ್ದನ್ನೂ ಜಗುಲಿ ಕಡೆಯ ಬಾಗಿಲನ್ನೂ ಪೂರ್ತಿ ತೆಗೆಯಿರಿ. ಕಿಟಕಿಯ ಮೇಲಿನ ಸಣ್ಣ ವೆಂಟಿಲೇಟರ್‌ಗಳಿಗೆ ರಟ್ಟು ಬಡಿದಿದ್ದರೆ ಕಿತ್ತು ಹಾಕಿ, ಹೊರಗಡೆ ಒಂದು ತಗಡಿನ ಚಜ್ಜ ಇಳಿಬಿಡಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಹೊರಗೆ ಹಾಕಲು ಎಕ್ಸಾಸ್ಟ್ ಫ್ಯಾನ್ ಬೇಕು. ಅದು ಬಾಗಿಲಿನ ಎದುರು ಗೋಡೆಯಲ್ಲಿದ್ದರೆ ಒಳ್ಳೆಯದು, ಬಾಗಿಲಿನಿಂದ ಬಂದ ಗಾಳಿ ಕೋಣೆ ದಾಟಿ ಹೋಗುತ್ತದೆ. ಒಂದು ಊದುಬತ್ತಿ ಹಚ್ಚಿ ಕೋಣೆಯ ಮೂಲೆಗಳಲ್ಲಿ ಹಿಡಿದು ನೋಡಿ. ಹೊಗೆ ಎಲ್ಲಿ ಸುಮ್ನೆ ನಿಲ್ಲುತ್ತದೋ ಅಲ್ಲಿ ಮಕ್ಕಳನ್ನು ಕೂರಿಸಬೇಡಿ.

ಸಾಧ್ಯವಾದರೆ ಕಾಲೇಜಿಗೆ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತರಿಸಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ತೋರಿಸುತ್ತದೆ. ತರಗತಿಯಲ್ಲಿ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಬದಲಾಗುತ್ತಿದೆ ಎಂದು ತಿಳಿಯಬಹುದು. 1500, 2000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದಾರೆ ಎಂದರ್ಥ. ಮೀಟರ್ ವೈರಸ್ ಹಿಡಿಯುವುದಿಲ್ಲ, ಯಾವ ಕೋಣೆ ಸರಿಯಿಲ್ಲ ಎಂದು ಹೇಳುತ್ತದೆ. ಒಂದೇ ಮೀಟರ್ ಸಾಕು, ಇವತ್ತು ಲ್ಯಾಬ್, ನಾಳೆ ಲೈಬ್ರರಿ ಎಂದು ಒಯ್ದು ನೋಡಬಹುದು. ಬದಲಾಯಿಸಲು ಆಗದ ಕೋಣೆಯಲ್ಲಿ ಅರ್ಧ ಬ್ಯಾಚ್ ಕೂರಿಸಿ. ಪಾಠ ಮುಗಿದ ಮೇಲೆ ಹತ್ತು ನಿಮಿಷ ಖಾಲಿ ಬಿಡಿ.

ಮಾಸ್ಕ್ ಬಗ್ಗೆ ಒಂದು ಮಾತು. ಎನ್95 ಮಾಸ್ಕ್ ಬಟ್ಟೆಯ ಮಾಸ್ಕ್‌ಗಿಂತ ತುಂಬಾ ಮೇಲು, ಆದರೆ ಮುಖಕ್ಕೆ ಸರಿಯಾಗಿ ಅಂಟಿರಬೇಕು. ಮಳೆಯಲ್ಲಿ ನೆನೆದ ಮಾಸ್ಕ್ ಹಾಕಿದರೆ ಉಸಿರಾಡುವುದು ಕಷ್ಟ, ಬಿಗಿಯೂ ಕೆಡುತ್ತದೆ. ಚೀಲದಲ್ಲಿ ಇನ್ನೊಂದು ಒಣ ಮಾಸ್ಕ್ ಇರಲಿ.

ಪ್ರಶ್ನೆ: ನನಗೆ ಜ್ವರ ಬಂದಾಗಲೂ ಕ್ಲಾಸಿಗೆ ಹೋಗಿದ್ದೇನೆ. ಹಾಜರಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇಂಟರ್ನಲ್ಸ್ ಕೂಡ ಇತ್ತು. ನಾನೇನು ಮಾಡಬೇಕಿತ್ತು? (ಪದವಿ ವಿದ್ಯಾರ್ಥಿ, ಹೊಸನಗರ)

ಮನೆಯಲ್ಲೇ ಇರಬೇಕಿತ್ತು. ಆದರೆ ನಿನ್ನನ್ನು ಬೈಯುವ ಮನಸ್ಸು ನನಗಿಲ್ಲ. ಜ್ವರ ಬಂದವನು ಮನೆಯಲ್ಲಿ ಕೂತರೆ ವರ್ಷವೇ ಹೋಗುತ್ತದೆ ಎಂಬ ನಿಯಮ ಇಟ್ಟು, ನಿಮ್ಮ ಕಾಲೇಜೇ ನಿನ್ನನ್ನು ಬಸ್ಸು ಹತ್ತಿಸಿದೆ.

ಈ ಮಾತು ಆಡಳಿತ ಮಂಡಳಿಗಳಿಗೆ. ಸಾಂಕ್ರಾಮಿಕದ ಕಾಲದಲ್ಲಿ ಜ್ವರ, ಕೆಮ್ಮಿನ ರಜೆಗೆ ಹಾಜರಿ ಕಡಿತ ಇರಬಾರದು. ಮೊದಲ ಮೂರು ದಿನಕ್ಕೆ ವೈದ್ಯರ ಸರ್ಟಿಫಿಕೇಟ್ ಕೂಡ ಕೇಳಬೇಡಿ. ಒಂದು ಕಾಗದಕ್ಕಾಗಿ ಜ್ವರದ ಹುಡುಗ ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ನಿಂತರೆ ಯಾರಿಗೆ ಲಾಭ? ತಪ್ಪಿದ ಇಂಟರ್ನಲ್ಸ್‌ಗೆ ಎರಡನೇ ದಿನಾಂಕ ಮೊದಲೇ ಪ್ರಕಟಿಸಿ, ಸೆಮಿಸ್ಟರ್ ಶುರುವಿನಲ್ಲೇ. ವಿಶ್ವವಿದ್ಯಾಲಯದ ನಿಯಮ ಅಡ್ಡ ಬಂದರೆ ಕಾಲೇಜುಗಳೆಲ್ಲ ಸೇರಿ ವಿನಾಯಿತಿಗೆ ಬರೆಯಬೇಕು. ಕೆಲವರು ಸುಳ್ಳು ಹೇಳಿ ರಜೆ ಹಾಕುತ್ತಾರೆ, ಹೌದು. ಅವರಿಂದ ಆಗುವ ನಷ್ಟ ಒಂದೆರಡು ಕ್ಲಾಸು. ಜ್ವರ ಮುಚ್ಚಿಟ್ಟವರಿಂದ ಆಗುವ ನಷ್ಟ ಇಡೀ ಬ್ಯಾಚಿಗೆ. ಅಟೆಂಡರ್‌ಗಳು, ಮೆಸ್ಸಿನ ಅಡುಗೆಯವರು, ಅತಿಥಿ ಉಪನ್ಯಾಸಕರಿಗೂ ಇದೇ ನ್ಯಾಯ ಬೇಕು. ದಿನಗೂಲಿ, ಗಂಟೆ ಲೆಕ್ಕದ ಸಂಬಳ ಕಡಿತವಾಗುತ್ತದೆ ಎಂದರೆ ಅವರೂ ಜ್ವರ ಮುಚ್ಚಿಟ್ಟೇ ಬರುತ್ತಾರೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಒಬ್ಬಳಿಗೆ ಸೋಂಕು ಬಂದರೆ ತಕ್ಷಣ ಎಲ್ಲರನ್ನೂ ಊರಿಗೆ ಕಳಿಸಿಬಿಡಬೇಕಾ? (ವಾರ್ಡನ್, ಶಿವಮೊಗ್ಗ)

ಕಳಿಸಬೇಡಿ. ಲಕ್ಷಣ ಇನ್ನೂ ಕಾಣಿಸದವರು ಅದೇ ಸಂಜೆ ತುಂಬಿದ ಬಸ್ಸಿನಲ್ಲಿ ಊರಿಗೆ ಹೋಗುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿ ಇರುತ್ತಾರೆ. ಹುಡುಗಿಗೆ ನೆಗಡಿಯಷ್ಟೇ ಆಗಿ ಹೋಗುವ ಕಾಯಿಲೆ ಅವರಿಗೆ ಹಾಗಿರುವುದಿಲ್ಲ.

ಸ್ವಂತ ಶೌಚಾಲಯ ಇರುವ ಕೆಲವು ಕೋಣೆಗಳನ್ನು ಮೊದಲೇ ಖಾಲಿ ಇಡಿ. ಊಟ ಯಾರು ಒಯ್ಯುತ್ತಾರೆ, ರಾತ್ರಿ ಯಾರು ವಿಚಾರಿಸುತ್ತಾರೆ ಎಂದು ಹೆಸರು ಬರೆದಿಡಿ. ಒಂದು ಕೋಣೆಯ ಹುಡುಗಿಯರು ಒಂದು ಮನೆಯವರು ಎಂದು ಲೆಕ್ಕ ಹಿಡಿದು, ಒಟ್ಟಿಗೆ ಒಂದೇ ಪಾಳಿಯಲ್ಲಿ ಉಣ್ಣಲಿ. ಮಾಸ್ಕ್ ತೆಗೆದು ಮಾತಾಡುವುದು ಊಟದ ಹಾಲಿನಲ್ಲೇ, ಅದಕ್ಕೇ ಪಾಳಿ ಬೇಕು. ಎಷ್ಟು ದಿನ ಬೇರೆ ಇರಬೇಕು ಎನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. 2022ರ ಜನವರಿಯಲ್ಲಿ ಕೋವಿಡ್‌ಗೆ 7 ದಿನ, ಅದರಲ್ಲಿ ಕೊನೆಯ 3 ದಿನ ಜ್ವರ ಇರಬಾರದು ಎಂಬ ನಿಯಮ ಇತ್ತು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಒಂದು ಇಟ್ಟುಕೊಳ್ಳಿ. ಡಿಸೆಂಬರ್ ಚಳಿಗೆ ಬೆರಳು ತಣ್ಣಗಿದ್ದರೆ ಅದು ಕಡಿಮೆ ತೋರಿಸಬಹುದು. ಮೆಹೆಂದಿ, ಉಗುರು ಬಣ್ಣದಿಂದಲೂ ಅಳತೆ ತಪ್ಪಬಹುದು. ಕೈ ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿ. ಆಗಲೂ 93 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತಡವರಿಸಿದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ. ಒಂಟಿ ಕೋಣೆಯಲ್ಲಿ ಮಲಗಿದ ಹುಡುಗಿ ಹೆದರಿರುತ್ತಾಳೆ, ದಿನಕ್ಕೆ ಎರಡು ಸಲ ಬಾಗಿಲ ಬಳಿ ನಿಂತು ಮಾತಾಡಿಸಿ. ತುಂಬಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಎಲ್ಲರೂ ಲಸಿಕೆ ಹಾಕಿಸಿಕೊಂಡಿದ್ದರೆ ಫ್ರೆಷರ್ಸ್ ಡೇ ಮಾಡಬಹುದಲ್ವಾ? (ವಿದ್ಯಾರ್ಥಿನಿ, ಭದ್ರಾವತಿ)

ಬಯಲಿನಲ್ಲಿ ಮಾಡಿ, ಮುಚ್ಚಿದ ಸಭಾಂಗಣದಲ್ಲಿ ಬೇಡ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಒಂದು ಕಾರ್ಯಕ್ರಮದ ನಂತರ 250ಕ್ಕೂ ಹೆಚ್ಚು ಜನರಲ್ಲಿ ಕೋವಿಡ್ ಕಂಡಿತು. ಹೆಚ್ಚಿನವರು ಎರಡೂ ಡೋಸ್ ಪಡೆದಿದ್ದರು. ಲಸಿಕೆ ಅವರನ್ನು ಐಸಿಯುವಿನಿಂದ ಕಾಪಾಡಿತು, ಹರಡುವುದನ್ನು ಪೂರ್ತಿ ತಡೆಯಲಿಲ್ಲ.

ಪ್ರಶ್ನೆ: ಮಗ ಹಾಸ್ಟೆಲಿನಿಂದ ಜ್ವರ ಅಂತ ಬಂದ. ಕೋವಿಡ್ ಟೆಸ್ಟ್ ನೆಗೆಟಿವ್ ಬಂತು. ನೆಮ್ಮದಿಯಾಗಿರಬಹುದಾ? (ಪೋಷಕರು, ಸೊರಬ)

ಇಲ್ಲ, ಅಷ್ಟಕ್ಕೇ ಬಿಡಬೇಡಿ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ದೊಡ್ಡ ಸಾಂಕ್ರಾಮಿಕ ಬಂದಾಗ ಎಲ್ಲ ಜ್ವರವೂ ಅದೇ ಎಂದು ತೋರುತ್ತದೆ, ಅದಲ್ಲ ಎಂದು ಗೊತ್ತಾದ ಕೂಡಲೇ ಏನೂ ಇಲ್ಲ ಎಂದು ತೋರುತ್ತದೆ. ಎರಡೂ ತಪ್ಪು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಕರ್ನಾಟಕದಲ್ಲಿ ಕೋವಿಡ್ ಶುರುವಾದ 2020ರ ಮಾರ್ಚ್ ಮಂಗನ ಕಾಯಿಲೆಯ ಕಾಲವೂ ಆಗಿತ್ತು.

ಮಂಗನ ಕಾಯಿಲೆ ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಮಗ ಎನ್‌ಎಸ್‌ಎಸ್ ಶಿಬಿರಕ್ಕೋ, ಚಾರಣಕ್ಕೋ ಹೋಗಿದ್ದನಾ? ರಜೆಯಲ್ಲಿ ದರಗು (ಒಣಗಿದ ಎಲೆ) ತರಲು, ದನ ಅಟ್ಟಲು ಕಾಡಂಚಿಗೆ ಹೋಗಿದ್ದನಾ? ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕೆಂಪು ಕಣ್ಣು, ವಾಂತಿ ಬರಬಹುದು. ಮಳೆಗಾಲವಾದರೆ ಡೆಂಗಿ, ಇಲಿ ಜ್ವರದ ಬಗ್ಗೆಯೂ ಯೋಚಿಸಬೇಕು. ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಡೆದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಕೊಡಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಡೆಂಗಿ ಅಥವಾ ಮಂಗನ ಕಾಯಿಲೆಯಾಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು. ಇವತ್ತೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಾಡಿಗೆ ಹೋಗಿದ್ದರೆ ಯಾವತ್ತು, ಯಾವ ಕಡೆ ಎಂದು ನೀವಾಗಿಯೇ ತಿಳಿಸಿ, ರಕ್ತದ ಮಾದರಿ ತೆಗೆಸಿ. ವರದಿ ಏನೇ ಬಂದರೂ ಹಾಸ್ಟೆಲಿನ ವಾರ್ಡನ್‌ಗೆ ಫೋನ್ ಮಾಡಿ. ಅವನ ಜೊತೆ ಶಿಬಿರಕ್ಕೆ ಹೋದವರಲ್ಲಿ ಇನ್ನೂ ಯಾರಿಗಾದರೂ ಜ್ವರ ಇರಬಹುದು.