ಹೂಳು ತುಂಬಿದ ಚಿಲಿಕಾ ಸರೋವರ ಮತ್ತೆ ಚೇತರಿಸಿಕೊಂಡದ್ದು ಹೇಗೆ?

ಮುಖ್ಯವಾಗಿ, ಕಡಲಿಗೆ ಹೊಸ ದಾರಿ ತೆರೆದದ್ದರಿಂದ. ತುಂಗಭದ್ರಾ ಜಲಾಶಯದ ಹೂಳಿನ ಚಿಂತೆ ಕೇಳುತ್ತಲೇ ಬೆಳೆದ ಬಳ್ಳಾರಿಯವರಿಗೆ ಒಡಿಶಾದ ಕಡಲಂಚಿನ ಈ ಸರೋವರದ ಸಂಗತಿ ಬೇಗ ಅರ್ಥವಾಗುತ್ತದೆ.

ಹೂಳು, ಮರಳು ಸೇರಿ ಅಳಿವೆ, ಅಂದರೆ ಸರೋವರ ಕಡಲಿಗೆ ತೆರೆಯುವ ಬಾಯಿ, ಮುಚ್ಚುತ್ತಾ ಬಂತು. ಉಪ್ಪುನೀರು ಒಳಬರುವುದು ಕುಗ್ಗಿ ಸಿಹಿನೀರಿನ ಕಳೆ ಹಬ್ಬಿತು. ಮೀನು, ಸಿಗಡಿ, ಏಡಿ ಕಡಿಮೆಯಾದವು. 1993ರಲ್ಲಿ ಚಿಲಿಕಾ, ಜೌಗು ಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಅಪಾಯದ ಪಟ್ಟಿಗೆ ಸೇರಿತು. 2000ರ ಸೆಪ್ಟೆಂಬರ್‌ನಲ್ಲಿ ಹೊಸ ಅಳಿವೆ ತೋಡಿದರು. ಉಬ್ಬರದೊಂದಿಗೆ ಉಪ್ಪು ಬಂತು, ಅದರ ಹಿಂದೆಯೇ ಮೀನಿನ ಮರಿಗಳೂ ಬಂದವು! ಕಳೆ ಹಿಮ್ಮೆಟ್ಟಿತು, ಕಡಲಹುಲ್ಲು ಹರಡಿತು. 2002ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು. ಇರಾವದಿ ಡಾಲ್ಫಿನ್‌ಗಳು ಇಂದಿಗೂ ಅಲ್ಲಿವೆ. ಚಳಿಗಾಲದಲ್ಲಿ ಲಕ್ಷಾಂತರ ವಲಸೆ ಹಕ್ಕಿಗಳು ಇಳಿಯುತ್ತವೆ.

ಜೊತೆಗೆ, ಮೇಲಿನ ಜಲಾನಯನ ಪ್ರದೇಶದಲ್ಲಿ ಮಣ್ಣು ಕೊಚ್ಚಿಬಾರದಂತೆ ಕೆಲಸ ನಡೆಯಿತು. ನನ್ನ ಮಟ್ಟಿಗೆ ಅಳಿವೆಯಷ್ಟೇ ಮುಖ್ಯವಾದದ್ದು ಇದು. ಹೂಳು ಹೊರಡುವುದೇ ಅಲ್ಲಿಂದ.