ಹಳೆ ಪಿಸಿಯ ಡಯಲ್-ಅಪ್ ಮೋಡೆಮ್ ಲಿನಕ್ಸ್‌ನಲ್ಲಿ ಕಾಣುತ್ತಿಲ್ಲ, ಡ್ರೈವರ್ ಎಲ್ಲಿ ಸಿಗುತ್ತದೆ?

ಕಾಸರಗೋಡಿನ ಕುಂಬಳೆ ಹತ್ತಿರದ ಶಾಲೆಯ ಐಟಿ ಮೇಳದಲ್ಲಿ ಮಕ್ಕಳು ಹಳೇ ಡಯಲ್-ಅಪ್ ಇಂಟರ್ನೆಟ್ ಹೇಗಿತ್ತು ಅಂತ ತೋರಿಸಬೇಕು, ಪೆಂಟಿಯಮ್ 4 ಪಿಸಿಗೆ ಡೆಬಿಯನ್ ಹಾಕಿದ್ದೇನೆ, ಒಳಗೆ 56ಕೆ ಮೋಡೆಮ್ ಕಾರ್ಡ್ ಉಂಟು, ಆದರೆ ಡಯಲ್ ಮಾಡುವ ಪ್ರೋಗ್ರಾಂ ಡಬ್ಲ್ಯೂವಿಡಯಲ್ 'ಮೋಡೆಮ್ ಸಿಗಲಿಲ್ಲ' ಅನ್ನುತ್ತದೆ ಅಂತ ಬರೆದಿದ್ದೀರಿ. ನಾನು ಬದಿಯಡ್ಕ ಕಡೆಯವನು. ಡಯಲ್-ಅಪ್ ಕಾಲದಲ್ಲಿ ಮನೆಯಲ್ಲಿ ಲಿನಕ್ಸ್‌ನಿಂದಲೇ ನೆಟ್ ನೋಡುತ್ತಿದ್ದೆ. ಅಕ್ಕಪಕ್ಕದವರ ಪಿಸಿಗಳಲ್ಲೂ ಇದೇ ಕೆಲಸ ಮಾಡಿಕೊಟ್ಟಿದ್ದೇನೆ.

ಈಗಲೇ ಡ್ರೈವರ್ ಹುಡುಕಲು ಹೋಗಬೇಡಿ. ನಿಮ್ಮ ಕಾರ್ಡ್ ಪೂರ್ತಿ ಮೋಡೆಮೋ, ಅರ್ಧ ಮೋಡೆಮೋ ಅಂತ ಮೊದಲು ತಿಳಿದುಕೊಳ್ಳಿ.

ಪೂರ್ತಿ ಮೋಡೆಮ್‌ನಲ್ಲಿ ಮೂರು ಭಾಗ ಇರುತ್ತವೆ. ಫೋನ್ ಲೈನಿಗೆ ಸೇರುವ ಭಾಗ, ಶಬ್ದವನ್ನು ಬಿಟ್‌ಗಳಾಗಿಸುವ ಸಿಗ್ನಲ್ ಚಿಪ್, ನಾವು ಕೊಟ್ಟ ಆಜ್ಞೆಯನ್ನು ಓದಿ ನಡೆಸುವ ಕಂಟ್ರೋಲರ್. 1990ರ ದಶಕದ ಕೊನೆಗೆ ಬೆಲೆ ಇಳಿಸಲು ಕಂಪನಿಗಳು ಕಂಟ್ರೋಲರ್ ತೆಗೆದವು. ಕೆಲವು ಸಿಗ್ನಲ್ ಚಿಪ್ಪನ್ನೂ ತೆಗೆದವು. ಆ ಕೆಲಸವನ್ನೆಲ್ಲ ಪಿಸಿಯ ಪ್ರೊಸೆಸರ್ ಮಾಡಬೇಕು, ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಕಂಪನಿಗಳು ಮೊದಲು ಕೊಟ್ಟದ್ದು ವಿಂಡೋಸ್‌ಗೆ ಮಾತ್ರ. ವಿನ್‌ಮೋಡೆಮ್ ಅಂತ ಹೆಸರು ಬಂದದ್ದು ಇದರಿಂದಲೇ. ರಂಗಸ್ಥಳಕ್ಕೆ ವೇಷ ಮಾತ್ರ ಬಂದು ಭಾಗವತರೂ ಚೆಂಡೆಯೂ ಬಾರದಿದ್ದರೆ ಆಟ ನಡೆಯುವುದು ಹೇಗೆ? ಲಿನಕ್ಸ್‌ನಲ್ಲಿ ಈ ಕಾರ್ಡುಗಳ ಸ್ಥಿತಿ ಅದೇ.

ಟರ್ಮಿನಲ್ ತೆರೆದು, ಒಳಗಿನ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್ ಆಯ್ಕೆ ಹಾಕಿ ಓಡಿಸಿ. ಮೋಡೆಮ್ ಸಾಲಿನ ಕೊನೆಗೆ ಚೌಕ ಕಂಸದಲ್ಲಿ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಚಿಪ್ ಯಾರದ್ದು ಅಂತ ಹೇಳುತ್ತದೆ. 14ಎಫ್1 ಅಂದರೆ ಕೊನೆಕ್ಸಂಟ್, 11ಸಿ1 ಅಂದರೆ ಲ್ಯೂಸೆಂಟ್ ಅಥವಾ ಅಗೀರ್, 163ಸಿ ಸ್ಮಾರ್ಟ್‌ಲಿಂಕ್, 1057 ಮೊಟೊರೊಲಾ, 8086 ಇಂಟೆಲ್. ಡಬ್ಬದ ಮೇಲಿನ ಹೆಸರನ್ನು ನಂಬಬೇಡಿ. ಒಂದೇ ಚಿಪ್ ಹತ್ತು ಹೆಸರಿನ ಡಬ್ಬದಲ್ಲಿ ಬರುತ್ತಿತ್ತು, ಒಂದೇ ಹೆಸರಿನ ಡಬ್ಬದಲ್ಲಿ ಬೇರೆ ಬೇರೆ ಚಿಪ್ ಇರುತ್ತಿತ್ತು.

ಆಗಿನ ಅಗ್ಗದ ಪಿಸಿಗಳಲ್ಲಿ ಜಾಸ್ತಿ ಇದ್ದದ್ದು ಅರ್ಧ ಮೋಡೆಮ್‌ಗಳೇ. ನಿಮ್ಮದೂ ಹಾಗೇ ಇರಬೇಕು. ಇವುಗಳಿಗೆ ಡ್ರೈವರ್ ಇರಲೇ ಇಲ್ಲ ಅಂತಲ್ಲ. ಲ್ಯೂಸೆಂಟ್ ಚಿಪ್‌ಗೆ ಎಲ್‌ಟಿಮೋಡೆಮ್, ಆಮೇಲೆ ಮಾರ್ಷಿಯನ್ ಇತ್ತು. ಸ್ಮಾರ್ಟ್‌ಲಿಂಕ್‌ಗೆ ಎಸ್‌ಎಲ್‌ಮೋಡೆಮ್‌ಡಿ. ಅದು ಓಡತೊಡಗಿದರೆ ಸಾಧನಗಳ ಹೆಸರಿರುವ ಡೆವ್ ಫೋಲ್ಡರಿನಲ್ಲಿ ಟಿಟಿವೈಎಸ್‌ಎಲ್0 ಕಾಣಿಸುತ್ತದೆ. ಕೊನೆಕ್ಸಂಟ್ ಚಿಪ್‌ಗೆ ಲಿನಕ್ಸೆಂಟ್ ಅನ್ನುವ ಕಂಪನಿ ಡ್ರೈವರ್ ಮಾಡಿತ್ತು. ಆದರೆ ಪುಕ್ಕಟೆ ಆವೃತ್ತಿಯ ವೇಗ 14.4 ಕೆಬಿಪಿಎಸ್‌ಗೆ ನಿಲ್ಲುತ್ತಿತ್ತು, ಪೂರ್ತಿ ವೇಗಕ್ಕೆ ದುಡ್ಡು ಕೊಡಬೇಕಿತ್ತು.

ಈ ಡ್ರೈವರ್‌ಗಳ ಹೊರಗಿನ ಕವಚದ ಮೂಲ ಕೋಡ್ ಮಾತ್ರ ಸಿಗುತ್ತಿತ್ತು. ಒಳಗಿನ ತಿರುಳು ಮುಚ್ಚಿದ ಬೈನರಿ ಫೈಲು. ಲಿನಕ್ಸ್‌ನ ಮೂಲ ಭಾಗವಾದ ಕರ್ನಲ್ ಬದಲಾದಾಗೆಲ್ಲ ಕವಚವನ್ನು ಯಾರಾದರೂ ಹೊಂದಿಸಬೇಕು, ಒಳಗಿನ ಫೈಲನ್ನಂತೂ ಮಾಡಿದವರಲ್ಲದೆ ಬೇರೆಯವರು ತಿದ್ದುವುದು ಕಷ್ಟ, ಹೊಂದಿಸುವವರು ಕೈಬಿಟ್ಟ ದಿನ ಕಾರ್ಡ್ ಸತ್ತಂತೆ. ಹಾಗಾಗಿ ಇವತ್ತಿನ ಡೆಬಿಯನ್‌ನಲ್ಲಿ ಅವನ್ನು ಎಬ್ಬಿಸಲು ಹೊರಟರೆ ಮೇಳ ಮುಗಿದರೂ ಕೆಲಸ ಮುಗಿಯಲಿಕ್ಕಿಲ್ಲ. ಇದು ನನಗೆ ಈಗಲೂ ಬೇಸರದ ವಿಷಯ. ಎಷ್ಟೋ ಒಳ್ಳೆ ಕಾರ್ಡುಗಳು ಹಾಳಾಗದೆಯೇ ಗುಜರಿಗೆ ಹೋದವು.

ಆದ್ದರಿಂದ ಹೊರಗೆ ಇಡುವ ಸೀರಿಯಲ್ ಮೋಡೆಮ್ ಹುಡುಕಿ. ಹಳೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೋ ಗುಜರಿಯಲ್ಲೋ ವಿಚಾರಿಸಿ. ಒಂಬತ್ತು ಅಥವಾ ಇಪ್ಪತ್ತೈದು ಪಿನ್ನಿನ ಸಾಕೆಟ್ ಮತ್ತು ಅದರದ್ದೇ ಪವರ್ ಅಡಾಪ್ಟರ್ ಇದ್ದರೆ ಅದು ಪೂರ್ತಿ ಮೋಡೆಮ್ ಅಂತ ಧೈರ್ಯವಾಗಿ ತಗೊಳ್ಳಬಹುದು. ಇದಕ್ಕೆ ಬೇರೆ ಡ್ರೈವರ್ ಬೇಡ. ವಿಂಡೋಸ್‌ನ ಕಾಮ್1 ಲಿನಕ್ಸ್‌ನಲ್ಲಿ ಟಿಟಿವೈಎಸ್0, ಅಷ್ಟೇ. ಯುಎಸ್‌ಬಿ ಮೋಡೆಮ್ ಸಿಕ್ಕಿದರೆ ಸಿಕ್ಕಿಸಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು ನೋಡಿ. ಟಿಟಿವೈಎಸಿಎಂ0 ಅಂತ ಬಂದರೆ ಅದೂ ಆದೀತು. ಒಳಗಿನ ಕಾರ್ಡೇ ಬೇಕೆಂದರೆ ಯುಎಸ್ ರೋಬೋಟಿಕ್ಸ್ 5610ರಂಥ ಕಂಟ್ರೋಲರ್ ಇರುವ ಕಾರ್ಡ್ ನೋಡಿ.

ಪೂರ್ತಿ ಮೋಡೆಮ್‌ಗಳು ಇವತ್ತಿಗೂ ನಡೆಯಲು ಕಾರಣ ಉಂಟು. 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನ ಎಟಿ ಆಜ್ಞೆಗಳು ಎಲ್ಲರಿಗೂ ತಿಳಿದಿದ್ದವು, ಬೇರೆ ಕಂಪನಿಗಳೂ ಅವನ್ನೇ ಅನುಸರಿಸಿದವು. ಮೋಡೆಮ್‌ಗೆ ನೇರ ಆಜ್ಞೆ ಕೊಡುವ ಪ್ರೋಗ್ರಾಂ ಮಿನಿಕಾಮ್‌ನಲ್ಲಿ ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. 'ಓಕೆ' ಬಂದರೆ ಅರ್ಧ ಗೆದ್ದಿರಿ. ಬರದಿದ್ದರೆ ನಿಮ್ಮ ಬಳಕೆದಾರ ಹೆಸರು ಮೋಡೆಮ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿದೆಯಾ ನೋಡಿ, ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಈಗ ಲೈನಿನ ವಿಷಯ. ಈಚೆಗೆ ನಮ್ಮ ಕಡೆ ತುಂಬ ಮನೆಗಳ ಲ್ಯಾಂಡ್‌ಲೈನ್ ಫೈಬರ್ ಮೇಲೆ ಬರುತ್ತದೆ. ಅಲ್ಲಿ ದನಿ ಪ್ಯಾಕೆಟ್ ಆಗಿ ಹೋಗುತ್ತದೆ. ಮನುಷ್ಯರ ಮಾತಿಗೆ ಅದು ಸಾಕು, ಮೋಡೆಮ್‌ಗೆ ಕಷ್ಟ. ಒಂದು ಪ್ಯಾಕೆಟ್ ತಡವಾದರೂ ಸಂಪರ್ಕ ಕಡಿಯಬಹುದು. ಮೇಳಕ್ಕೆ ಹೊರಗಿನ ಲೈನ್ ಯಾಕೆ ಬೇಕು, ಅಲ್ವಾ? ಎರಡು ಪಿಸಿ, ಎರಡು ಮೋಡೆಮ್, ನಡುವೆ ಚಿಕ್ಕ ಇಂಟರ್‌ಕಾಮ್ ಎಕ್ಸ್‌ಚೇಂಜ್ ಇದ್ದರೆ ಆಯಿತು. ಒಂದು ಪಿಸಿಯಿಂದ ಡಯಲ್ ಮಾಡುವ ಆಜ್ಞೆ ಎಟಿಡಿಟಿ ಮತ್ತು ಎಕ್ಸ್‌ಟೆನ್ಷನ್ ಸಂಖ್ಯೆ ಕೊಡಿ. ಇನ್ನೊಂದರಲ್ಲಿ ರಿಂಗ್ ಬಂದಾಗ ಕರೆ ಎತ್ತುವ ಆಜ್ಞೆ ಎಟಿಎ ಕೊಡಿ. 'ಡಯಲ್ ಟೋನ್ ಇಲ್ಲ' ಅಂತ ಮೋಡೆಮ್ ಹಟ ಹಿಡಿದರೆ ಮೊದಲು ಎಟಿಎಕ್ಸ್3 ಕೊಡಿ, ಆಗ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ನಮ್ಮ ಟೋನ್ ಅಮೆರಿಕದ ಟೋನಿಗಿಂತ ಬೇರೆಯಾದ್ದರಿಂದ ಆಗಲೂ ಇದು ಬೇಕಾಗುತ್ತಿತ್ತು. ಇಂಟರ್‌ಕಾಮ್ ಸಿಗದಿದ್ದರೆ ಎರಡನ್ನೂ ಒಂದೇ ಫೋನ್ ವಯರಿನಿಂದ ಸೇರಿಸಿ, ಒಂದರಲ್ಲಿ ಎಟಿಎಕ್ಸ್1ಡಿ, ಇನ್ನೊಂದರಲ್ಲಿ ಎಟಿಎ ಕೊಟ್ಟು ನೋಡಿ. ಸುಮಾರು ಮೋಡೆಮ್‌ಗಳು ಹಾಗೂ ಮಾತಾಡುತ್ತವೆ.

'ಕನೆಕ್ಟ್' ಬಂದ ಮೇಲೆ ಮೋಡೆಮ್ ರೀಸೆಟ್ ಆಗದ ಹಾಗೆ ಮಿನಿಕಾಮ್‌ನಿಂದ ಹೊರಬನ್ನಿ. ಕಂಟ್ರೋಲ್-ಎ ಒತ್ತಿ ಆಮೇಲೆ ಕ್ಯೂ. ನಂತರ ಎರಡೂ ಕಡೆ, ಈ ಲೈನಿನ ಮೇಲೆ ನೆಟ್ ಸಂಪರ್ಕ ಕಟ್ಟುವ ಪಿಪಿಪಿಡಿ ಓಡಿಸಿ, ವೇಗ 115200, ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಜೊತೆಗೆ ಆಚೆ ಕಡೆಯ ಗುರುತು ಕೇಳದಿರುವ ನೋಆತ್ ಆಯ್ಕೆ. ಒಂದು ಪಿಸಿಯಲ್ಲಿ ಮಕ್ಕಳೇ ಬರೆದ ಕನ್ನಡ ಪುಟ ಇಡಿ, ಇನ್ನೊಂದರ ಬ್ರೌಸರಿನಲ್ಲಿ ತೆರೆಯಿರಿ.

56ಕೆ ಅಂತ ಬರೆದಿದ್ದರೂ ನಿಮಗೆ 33.6 ಕೆಬಿಪಿಎಸ್‌ಗಿಂತ ಹೆಚ್ಚು ಸಿಗುವುದಿಲ್ಲ. 1998ರಲ್ಲಿ ಬಂದ ವಿ.90 ಅನ್ನುವ ಮೋಡೆಮ್ ಮಾನದಂಡದಲ್ಲಿ 56ಕೆ ವೇಗ ಬರಬೇಕಾದರೆ ಒಂದು ತುದಿ ನೇರ ಡಿಜಿಟಲ್ ಆಗಿರಬೇಕು, ಇಲ್ಲಿ ಎರಡೂ ಅನಲಾಗ್. ಮಕ್ಕಳಿಂದ ಇದರ ಲೆಕ್ಕ ಮಾಡಿಸಿ. ಯುಟಿಎಫ್-8ರಲ್ಲಿ 'ಕಾಸರಗೋಡು' ಅನ್ನುವ ಪದಕ್ಕೆ 24 ಬೈಟ್ ಬೇಕು, ಅದು ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಮೊಬೈಲಿನಲ್ಲಿ ತೆಗೆದ 2 ಎಂಬಿ ಫೋಟೊ ಬರಲು ಸುಮಾರು 8 ನಿಮಿಷ. ನಮ್ಮ ಕನ್ನಡ ಮೀಡಿಯಂ ಮಕ್ಕಳು ಶಾಲೆಯಲ್ಲಿ ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ ಕೈಟ್‌ನ ಗ್ನೂ/ಲಿನಕ್ಸ್ ಮೇಲೆಯೇ ಕಲಿಯುವವರು, ಟರ್ಮಿನಲ್ ನೋಡಿ ಹೆದರಲಿಕ್ಕಿಲ್ಲ. ಕಮಾಂಡುಗಳನ್ನು ಅವರ ಕೈಯಿಂದಲೇ ಕೊಡಿಸಿ.

ಎಟಿಎಂ1 ಕೊಟ್ಟು ಸ್ಪೀಕರ್ ತೆರೆದಿಡುವುದನ್ನು ಬಿಡಬೇಡಿ. ಎರಡು ಯಂತ್ರಗಳು ಯಾವ ವೇಗದಲ್ಲಿ ಮಾತಾಡೋಣ ಅಂತ ಒಪ್ಪಂದಕ್ಕೆ ಬರುವ ಆ ಕೀರಲು ದನಿಯನ್ನು ಮಕ್ಕಳು ಕೇಳಲೇಬೇಕು. ಹೊರಗಿನ ಲೈನಿಗೇ ಸಿಕ್ಕಿಸುತ್ತೀರಾದರೆ, ಮೇಳದ ದಿನಗಳಲ್ಲಿ ತುಲಾ ತಿಂಗಳ ಗುಡುಗು-ಸಿಡಿಲು ಇದ್ದರೆ ಮಧ್ಯಾಹ್ನದ ಮೇಲೆ ಫೋನ್ ವಯರ್ ಕಳಚಿಡಿ. ನಮ್ಮ ಊರುಗಳಲ್ಲಿ ಸಿಡಿಲಿಗೆ ಹೋದ ಮೋಡೆಮ್‌ಗಳು ಬಹಳ. ಎಲ್‌ಎಸ್‌ಪಿಸಿಐನ ಆ ಸಾಲನ್ನು ಇಲ್ಲಿ ಬರೆಯಿರಿ, ನಿಮ್ಮ ಕಾರ್ಡ್ ಯಾವ ಜಾತಿಯದು ಅಂತ ನೋಡಿ ಹೇಳುತ್ತೇನೆ.