‘ನಮ್ಮ ವೈನಿ ಅಳವಲ್ರು’

ಸಾವಿನ ಮನೆಯಲ್ಲಿ ಅಳದ ಹೆಂಗಸನ್ನು ಕಲಬುರಗಿ ಕಡೆ ‘ಕಲ್ಲೆದಿ’ ಅಂದುಬಿಡುತ್ತಾರೆ. ‘ಒಮ್ಮೆ ಅಳಿಸಿ ಕಳಸ್ರಿ’ ಎಂದು ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತರುವ ಬಂಧುಗಳೂ ಕಡಿಮೆಯಿಲ್ಲ. ಇದೂ ಅಂಥದ್ದೇ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದೆ.

ಸೇಡಂ ಕಡೆಯ, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಕೊಂಡು ಮೂರು ತಿಂಗಳು. ಇಬ್ಬರು ಮಕ್ಕಳು, ತೊಗರಿ ಹೊಲ, ಸೊಸೈಟಿ ಸಾಲ. ಮಾತೆಲ್ಲ ಜೊತೆಗೆ ಬಂದ ನಾದಿನಿಯದೇ: “ನಮ್ಮಣ್ಣನ ಮಣ್ಣಿನ ದಿನಾನೂ ವೈನಿ ಕಣ್ಣಾಗ ಹನಿ ನೀರು ಬರಲಿಲ್ರಿ.”

“ಅಳಕೋತ ಕುಂತ್ರ ತೊಗರಿ ರಾಶಿ ಯಾರು ಮಾಡ್ತಾರ್ರಿ?” ಎಂದು ಆಕೆ ಸುಮ್ಮನಾದರು. ಯಾಕೆ ಅಳಲಿಲ್ಲ ಎಂಬುದನ್ನು ಅಲ್ಲಿಗೇ ಬಿಟ್ಟು ದಿನಚರಿ ಕೇಳಲಾಯಿತು: ಎಷ್ಟಕ್ಕೆ ಏಳುವುದು, ಉಣ್ಣುವುದು ಯಾವಾಗ, ಅಡುಗೆ ಏನು. ರೊಟ್ಟಿಯ ಲೆಕ್ಕ ಬಂದಾಗ ದನಿ ಸಣ್ಣದಾಯಿತು. “ಅವರವು ಎರಡು ಇನ್ನೂ ಬಡಿತೀನ್ರಿ. ಕೈಗಿ ರೂಢಿ ಆಗ್ಯದ. ಮುಂಜಾನೆ ಆಕಳಿಗಿ ಹಾಕ್ತೀನಿ.” ಅತ್ತದ್ದು ನಾದಿನಿ. ವೈನಿ ಆಕೆಯ ಬೆನ್ನ ಮೇಲೆ ಕೈಯಾಡಿಸುತ್ತ ಕೂತಿದ್ದರು.

ಅಳಿಸುವ ಗೋಜಿಗೆ ಹೋಗಲಿಲ್ಲ. ಮನೆಯವರಿಗೆ ಹಿಡಿಸದಿದ್ದರೂ ಅದೇ ಸರಿ. ಅಳದ ದುಃಖ ಒಳಗೇ ಕೊಳೆತು ಮುಂದೊಂದು ದಿನ ಸಿಡಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದು ಮನೋವಿಜ್ಞಾನಿಗಳಾದ ವೋರ್ಟ್‌ಮನ್ ಮತ್ತು ಸಿಲ್ವರ್ 1989ರಲ್ಲೇ ಬರೆದಿದ್ದಾರೆ. ಒತ್ತಾಯಕ್ಕೆ ಅತ್ತ ಎಷ್ಟೋ ಜನ ಎರಡನೆಯ ಭೇಟಿಗೆ ಬರುವುದೇ ಇಲ್ಲ.

ಆ ಎರಡು ರೊಟ್ಟಿ ನಿಲ್ಲಿಸುವ ಅವಸರ ಬೇಡ ಎಂದೆವು. ಸಂಜೆ 15 ನಿಮಿಷ ನಾದಿನಿ ಬಂದು ಅಣ್ಣನ ಒಂದು ಸಂಗತಿ ಹೇಳಬೇಕು. ವೈನಿ ಸುಮ್ಮನೆ ಕೇಳಿದರೂ ಸಾಕು. ಸಾಲದ ಮಾತು ಆ ಹೊತ್ತಿಗೆ ಎತ್ತಬಾರದು. ಮಲಗಿದ, ಎಚ್ಚರಾದ ಹೊತ್ತನ್ನು ಎರಡು ವಾರ ಕ್ಯಾಲೆಂಡರ್ ಮೇಲೆ ಮಗಳು ಗುರುತು ಹಾಕಬೇಕು.

ನೋಡಬೇಕಾದ್ದು ಕಣ್ಣೀರನ್ನಲ್ಲ. ಮಕ್ಕಳ ಮೇಲೂ ಅಕ್ಕರೆ ಹುಟ್ಟದೆ, ಊಟ ನಿದ್ದೆ ಕೆಟ್ಟು ಎರಡು ವಾರ ದಾಟಿದರೆ ಖಿನ್ನತೆಯ ತಪಾಸಣೆ ಆಗಬೇಕು. ಆರು ತಿಂಗಳ ಮೇಲೂ ಅಗಲಿದವರ ಹಂಬಲದಲ್ಲಿ ಬದುಕೇ ನಿಂತಿದ್ದರೆ ಮನೋವೈದ್ಯರ ಬಳಿ ಹೋಗಬೇಕು. ದೀರ್ಘ ಶೋಕವನ್ನು ಕಾಯಿಲೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಇಟ್ಟ ಕನಿಷ್ಠ ಅವಧಿಯೂ ಅಷ್ಟೇ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಭಾವನೆ ಮಂಕಾಗುವುದುಂಟು. ಹಾಗೆಂದು ತಟ್ಟನೆ ಬಿಡಬಾರದು. ಬರೆದುಕೊಟ್ಟ ವೈದ್ಯರಿಗೇ ಹೇಳಬೇಕು. ಸಾಯುವ ಮಾತು ಬಂದರಂತೂ ವಾರ ತಿಂಗಳು ಎಣಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.